ನಂಬಿದವರ ದನಿ

ರಾಷ್ಟ್ರಾಧ್ಯಕ್ಷರ ಚುನಾವಣೆ ಬಂತೆಂದರೆ ಮನೆಮನೆಯ ರೇಡಿಯೊದಲ್ಲೂ ಬೈಗುಳದ ಜಾಹೀರಾತು. ಅದು ಆ ಮನೆಯವರು ತುಂಬಾ ನಂಬಿದವರ ದನಿಯಲ್ಲೇ ಬರುತ್ತದೆ. ವಾರಿಜಮ್ಮನ ಮನೆಗೆ ತೀರಿಕೊಂಡ ಗಂಡ ಸೋಮಶೇಖರಯ್ಯನವರ ದನಿ ಬರುತ್ತಿತ್ತು.

"ವಾರಿಜಾ, ಈ ಛತ್ರಿ ಗುರುತಿನವನು ಶುದ್ಧ ಬುರುಡೆ ಕಣೇ," ಎಂದು ಬೆಳಿಗ್ಗೆ ಹೇಳಿದ ದನಿಯೇ ಸಂಜೆ ಮಂಚದ ಗುರುತಿನವನನ್ನು ಕಳ್ಳ ಎನ್ನುತ್ತಿತ್ತು. ವಾರಿಜಮ್ಮ ರೇಡಿಯೊವನ್ನು ಗಂಡನ ಕುರ್ಚಿಯ ಮೇಲಿಟ್ಟು, ಎದುರಿಗೆ ಕೂತು ಹುರುಳಿಕಾಯಿ ಸೋಸುತ್ತಿದ್ದರು. ಬದುಕಿದ್ದಾಗಲೂ ಸೋಮಶೇಖರಯ್ಯನವರು ಪೇಪರ್ ಹಿಡಿದು ಹೀಗೇ ಎಲ್ಲರನ್ನೂ ಬೈಯುತ್ತಿದ್ದರು. ಆಗೆಲ್ಲ ವಾರಿಜಮ್ಮ, "ಸಾಕು, ಸುಮ್ನಿರಿ," ಎಂದು ರೇಗುತ್ತಿದ್ದರು.

"ಯಾರಿಗೆ ಓಟು ಅಂತ ರೇಡಿಯೊಗೆ ಹೇಳಿಬಿಟ್ರೆ ಜಾಹೀರಾತು ನಿಂತುಹೋಗತ್ತೆ ಆಂಟಿ," ಎಂದಳು ಪಕ್ಕದ ಮನೆಯ ಫಿಲೋಮಿನಾ. "ನಾನು ಮೊದಲ್ನೇ ದಿನಾನೇ ಹೇಳಿಬಿಟ್ಟೆ."

"ಅದಕ್ಕೇ ಕಣಮ್ಮ, ನಾನಿನ್ನೂ ಹೇಳಿಲ್ಲ."

ಪ್ರಚಾರದ ಕಡೆಯ ಸಂಜೆ ಐದಕ್ಕೆ ಎಲ್ಲ ದನಿಗಳೂ ನಿಲ್ಲಬೇಕು. ಐದಾಗಲು ಇನ್ನೇನು ಸ್ವಲ್ಪವೇ ಹೊತ್ತಿತ್ತು. ಬೈದು ಮುಗಿಸಿದ ದನಿ ಕೇಳಿತು, "ಈಗಲಾದ್ರೂ ನಂಬಿಕೆ ಬಂತೇನೇ?"

ವಾರಿಜಮ್ಮ ರೇಡಿಯೊದ ಮೇಲಿನ ಧೂಳನ್ನು ಸೆರಗಿನಿಂದ ಮೆಲ್ಲಗೆ ಒರೆಸಿದರು.

"ಇನ್ನೂ ಇಲ್ಲಾರೀ. ಇನ್ನೊಂದ್ಸಲ ಬೈಯಿರಿ."