ನೀಲಿ ತುಟಿ

ಹಾಲೂಡುವಾಗಲೆಲ್ಲ ಮಗುವಿನ ತುಟಿ ನೀಲಿಗಟ್ಟುತ್ತಿರುವುದನ್ನು ವನಮಾಲಾ ಅತ್ತೆಗೆ ತೋರಿಸಿದಳು.

"ನಿಮ್ಮಪ್ಪನ ಬಣ್ಣ ಕಣೇ, ಅದಕ್ಕೂ ಡಾಕ್ಟ್ರು ಬೇಕಾ?" ಅತ್ತೆ ಮೂಗು ಮುರಿದರು. "ಈ ಕರಿಮೂತಿಗೆ ನಮ್ಮ ಮಾವನವರ ಹೆಸರು ಮಾತ್ರ ಇಡಬೇಡ."

ವನಮಾಲಾ ತವರಿಗೆ ಫೋನು ಮಾಡಿದಳು. ಅಪ್ಪ ಬಂದು ತಾಯಿ ಮಗು ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದರು.

"ಶ್ವಾಸಕೋಶದಿಂದ ಬರುವ ರಕ್ತನಾಳಗಳು ಹೃದಯದ ತಪ್ಪು ಕೋಣೆಗೆ ಸೇರಿವೆ. ಇನ್ನು ತಡಮಾಡಿದರೆ ಮಗು ಉಳಿಯೋಲ್ಲ," ಎಂದರು ಡಾಕ್ಟರು. ಅಂದೇ ಆ ಪುಟ್ಟ ಎದೆ ತೆರೆದು ಸರಿಪಡಿಸಿದರು.

ಮಗು ಮನೆಗೆ ಬಂದಾಗ ತುಟಿ, ಉಗುರು ಎಲ್ಲ ಗುಲಾಬಿ. ಅತ್ತೆ ಕೈಚಾಚಿದರು.

"ಈಗ ನೋಡು, ನಮ್ಮ ವಂಶದ ಬಣ್ಣ ಬಂತು! ಮಾವನವರ ಹೆಸರೇ ಇಡೋಣ."

"ಆಸ್ಪತ್ರೆಯಲ್ಲೇ ಹೆಸರಿಟ್ಟಾಯ್ತು ಅತ್ತೆ," ಎಂದಳು ವನಮಾಲಾ. "ನಮ್ಮಪ್ಪನ ಹೆಸರು."