ಟಬ್ಬಿನ ತುಂಬ ಕ್ರೇಫಿಶ್

ಟವೆಲನ್ನು ಹೆಗಲಿಗೆ ಹಾಕಿಕೊಂಡು ಬಚ್ಚಲಿನ ಬಾಗಿಲು ತಳ್ಳಿದ ಅಡಿವೆಪ್ಪ ಹೊಸ್ತಿಲಲ್ಲೇ ನಿಂತುಬಿಟ್ಟ. ಸ್ನಾನದ ಟಬ್ಬಿನಲ್ಲಿ ಕೆಸರು ನೀರು. ಅದರೊಳಗೆ ನೂರಕ್ಕೂ ಮಿಕ್ಕಿ ಜೀವಗಳು ಒಂದರ ಮೇಲೊಂದು ಹತ್ತಿ ಚರಪರ ಸದ್ದು ಮಾಡುತ್ತಿದ್ದವು. ಸಿಗಡಿಯ ಮೈ, ಏಡಿಯ ಕೈ. ಪಕ್ಕದಲ್ಲಿ ಮನೆಯೊಡತಿ ಟ್ರೀಸಾ ಮಂಡಿಯೂರಿ ಕುಳಿತಿದ್ದಳು. ಹೋದ ವಾರವಷ್ಟೇ ಆಪರೇಷನ್ ಆಗಿದ್ದ ಅವಳ ಬಲಗೈ ಬ್ಯಾಂಡೇಜಿನಲ್ಲಿತ್ತು, ಎಡಗೈಯಲ್ಲಿ ಚಿಮಟ.

“ಅಯ್ಯೋ, ಇಷ್ಟು ಬೇಗ ಎದ್ರಾ? ಹತ್ತು ನಿಮಿಷ ಮಾರಾಯ್ರೆ. ಇದು ಕ್ರೇಫಿಶ್ ಅಂತ. ನನ್ನ ಗಂಡನ ಫ್ರೆಂಡ್ ಒಬ್ರು ನದಿಯಲ್ಲಿ ಹಿಡಿದು ಒಂದು ಮೂಟೆ ಕೊಟ್ಟಿದ್ದಾರೆ. ನಾನೇ ತೊಳೆದು ಕೊಡ್ತೇನೆ ಅಂದ ಗಂಡ, ಏರ್‌ಪೋರ್ಟಿನಿಂದ ಫೋನ್ ಬಂತು ಅಂತ ಡ್ಯೂಟಿಗೆ ಓಡಿದ್ರು. ಒಂದು ಗಂಟೆಗೆ ಚರ್ಚಿನವರು ಊಟಕ್ಕೆ ಬರ್ತಾರೆ. ಎಂತ ಮಾಡುದು?”

ಅಡಿವೆಪ್ಪ ಪರದೇಶದ ಫೆಲ್ಥಮ್‌ನಲ್ಲಿದ್ದ ಆ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದು ಎಂಟು ತಿಂಗಳಾಗಿತ್ತು. ಏರ್‌ಪೋರ್ಟಿನಲ್ಲಿ ಸಾಮಾನಿನ ಬೆಲ್ಟುಗಳನ್ನು ರಿಪೇರಿ ಮಾಡುವ ಕೆಲಸ, ಹೆಚ್ಚಾಗಿ ರಾತ್ರಿ ಪಾಳಿ. ಬೈಲಹೊಂಗಲದ ಕಡೆಯ ಲಿಂಗಾಯತ. ಕೆಳಗೆ ಮೀನು ಹುರಿದರೆ ಸದ್ದಿಲ್ಲದೆ ತನ್ನ ಕಿಟಕಿ ತೆರೆದುಕೊಳ್ಳುವವನು. ಟ್ರೀಸಾ ಅವನಿಗೆಂದೇ ಬೇರೆ ಪಾತ್ರೆ, ಬೇರೆ ತವಾ ತೆಗೆದಿಟ್ಟಿದ್ದಳು. ಆದರೆ ಮನೆಗಿದ್ದದ್ದು ಒಂದೇ ಬಚ್ಚಲು.

“ಸತ್ತದ್ದು ಒಂದು ಉಳಿದ್ರೂ ಇಡೀ ಪಾತ್ರೆ ಹಾಳು. ಹುಡುಕಿ ಹುಡುಕಿ ತೆಗೀಬೇಕು,” ಎನ್ನುತ್ತಲೇ ಅವಳು ಚಿಮಟ ಇಳಿಸಿದಳು. ಸಿಕ್ಕಿದ್ದು ಜಾರಿ ನೆಲಕ್ಕೆ ಬಿತ್ತು. ಎರಡೂ ಕೈ ಎತ್ತಿ ಹೆದರಿಸುತ್ತ ಹಿಂದೆ ಹಿಂದೆ ಸರಿದು ಕಮೋಡಿನ ಮೂಲೆ ಸೇರಿತು. ಟ್ರೀಸಾ ಏಳಲು ಹೋಗಿ, ನೋವಿಗೆ ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡಳು.

ಅಡಿವೆಪ್ಪ ಟವೆಲನ್ನು ಮೊಳೆಗೆ ತೂಗುಹಾಕಿದ. ಬಗ್ಗಿ, ಅದರ ಬೆನ್ನನ್ನು ಹಿಂದಿನಿಂದ ಎರಡೇ ಬೆರಳಲ್ಲಿ ಹಿಡಿದು ಎತ್ತಿದ. ಅದು ಗಾಳಿಯಲ್ಲಿ ಎಷ್ಟು ಕೈ ಬೀಸಿದರೂ ಅವನ ಬೆರಳಿಗೆ ಎಟುಕಲಿಲ್ಲ.

“ಅರೇ! ನೀವು ಎಲ್ಲಿ ಕಲ್ತದ್ದು ಇದನ್ನ?”

“ಏಡಿ ಹಿಡದಂಗ ಐತ್ರೀ ಅಕ್ಕಾರ. ಸರೀರಿ, ನಾ ತೊಳದ ಕೊಡ್ತೀನಿ. ಒಂದ ಕೈಲೆ ನೀವ್ ಏನ್ ಮಾಡ್ತೀರಿ?”

ಅವನು ಬಿರಡೆ ಎಳೆದು ಕೆಸರು ನೀರು ಬಿಟ್ಟ. ತಣ್ಣೀರು ತುಂಬಿಸಿ, ಅಲ್ಲಾಡಿಸಿ, ಮತ್ತೆ ಬಿಟ್ಟ. ನಾಲ್ಕನೆಯ ಸಲಕ್ಕೆ ನೀರು ತಿಳಿಯಾಯಿತು. ಆಮೇಲೆ ಒಂದೊಂದನ್ನೇ ನಳದ ಕೆಳಗೆ ಹಿಡಿದು ಬಕೆಟ್ಟಿಗೆ ಹಾಕತೊಡಗಿದ. ಮೈ ಸಡಿಲಾಗಿ ಜೋತುಬಿದ್ದವನ್ನು ಟ್ರೀಸಾ ಪೇಪರಿನ ಮೇಲೆ ಬೇರೆ ಇಟ್ಟಳು.

“ನಮ್ಮ ಹೊಲದ ಬದುವಿನಾಗ ಏಡಿ ತೂತ ಕೊರೀತಿದ್ವು. ನೀರೆಲ್ಲಾ ಸೋರಿ ಹೋಗ್ತಿತ್ತು. ಬಾಜೂದವ್ರು ಸಲಿಕೀಲೆ ಜಜ್ಜಿ ಒಗೀತಿದ್ರು. ನಮ್ಮಪ್ಪ ಮಾತ್ರ ಹಿಂಗ ಬೆನ್ನ ಹಿಡದು ಎತ್ತಿ ಹಳ್ಳಕ್ಕ ಬಿಟ್ಟ ಬರ್ತಿದ್ದ. ನನಗೂ ಅವನ ಕಲಿಸಿದ್ದು.”

“ಈಗ ಊರಲ್ಲಿದ್ದಾರಾ ಅಪ್ಪ?”

ಅಡಿವೆಪ್ಪನ ಕೈ ನಳದ ಕೆಳಗೇ ನಿಂತಿತು. “ಇಲ್ರಿ. ತೀರಿಕೊಂಡ. ಇವತ್ತಿಗೆ ವರ್ಷ ಆತು. ಆಗ ನಾ ಈ ದೇಶದಾಗ ಬ್ಯಾರೆ ಕಡೆ ಇದ್ದೆ, ನನ್ನ ಪಾಸ್‌ಪೋರ್ಟ್ ವೀಸಾ ಆಫೀಸಿನಾಗ ಕುಂತಿತ್ತು, ಮಣ್ಣಿಗೂ ಹೋಗಾಕ ಆಗ್ಲಿಲ್ಲ. ಇವತ್ತರ ಜಳಕ ಮಾಡಿ, ಪೂಜಾಕ್ಕ ಕುಂದ್ರೂನು ಅಂತ ಲಗೂ ಎದ್ದಿದ್ದೆ.”

ಟ್ರೀಸಾಳ ಮುಖ ಸಪ್ಪಗಾಯಿತು. “ಮೊದಲೇ ಹೇಳ್ಬಾರ್ದಿತ್ತಾ? ಇಂಥ ದಿನ ನಿಮ್ಮ ಕೈಯಲ್ಲಿ ಇದನ್ನ ಮುಟ್ಟಿಸಿದೆನಲ್ಲ! ಬಿಡಿ, ಬಿಡಿ ಸಾಕು.”

“ನೀವ್ ಮುಟ್ಟಿಸಿಲ್ರಿ, ನಾನ ಮುಟ್ಟೀನಿ.” ಕೊನೆಗೆ ಉಳಿದದ್ದೊಂದು ಅವನ ಬೆರಳುಗಳ ನಡುವೆ ಒದ್ದಾಡುತ್ತಿತ್ತು. “ಅಕ್ಕಾರ, ಇದನ್ನ ತಿರುಗಿ ನದೀಗೆ ಬಿಡಾಕ ಬರಂಗಿಲ್ಲೇನ್ರಿ?”

“ಇಲ್ಲ. ಬಿಡ್ಬಾರ್ದು ಅಂತ ಕಾನೂನೇ ಇದೆ. ಇವು ಹೊರಗಿಂದ ಬಂದದ್ದಂತೆ, ಇಲ್ಲಿಯದ್ದನ್ನೆಲ್ಲ ಮುಗಿಸ್ತಾವಂತೆ.”

 ಅವನು ಅದನ್ನು ಎಸೆಯದೆ, ಬಕೆಟ್ಟಿನೊಳಗೆ ಕೈ ಪೂರ್ತಿ ಇಳಿಸಿ, ಮೆಲ್ಲಗೆ ಇಟ್ಟ.

ಟ್ರೀಸಾ ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಕೋಣೆಯಲ್ಲಿ ಕುಳಿತ ಅಡಿವೆಪ್ಪನಿಗೆ ಗಸಗಸ ಉಜ್ಜುವ ಸದ್ದು ಕೇಳಿಸುತ್ತಿತ್ತು. ನಡುವೆ ಮೂರು ಸಲ ಅವಳು ಮೆಟ್ಟಿಲಿಳಿದು, ಕೆಟಲ್‌ನಲ್ಲಿ ಕುದಿನೀರು ತಂದು ಸುರಿದಳು. ಬಾಗಿಲು ತೆರೆದಾಗ ಟಬ್ಬು ಬೆಳ್ಳಗೆ ಹೊಳೆಯುತ್ತಿತ್ತು. ಅಂಚಿನಲ್ಲಿ ಪೊಟ್ಟಣ ಬಿಚ್ಚದ ಹೊಸ ಸಾಬೂನು. ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು.

“ಈಗ ಹೋಗಿ. ಅವಸರ ಮಾಡ್ಬೇಡಿ. ಯಾರೂ ಬಾಗಿಲು ತಟ್ಟುದಿಲ್ಲ.”

ಒಂದು ಗಂಟೆಗೆ ಸರಿಯಾಗಿ ಜನ ಬಂದರು. ಟ್ರೀಸಾ ಜ್ಯೂಸ್ ಕೊಟ್ಟಳು, ಚಕ್ಕುಲಿ ಕೊಟ್ಟಳು, ಮಕ್ಕಳನ್ನು ಹಿತ್ತಲಿಗೆ ಅಟ್ಟಿದಳು. ಒಂದೂವರೆಯಾಯಿತು. ಟ್ರೀಸಾಳ ಗಂಡ ಫ್ಲೇವಿಯನ್‌ನ ಅಕ್ಕ ಬೆಲ್ಲಾ ಅಡುಗೆಮನೆಗೆ ಬಂದು ದೊಡ್ಡ ಪಾತ್ರೆಯ ಮುಚ್ಚಳ ಎತ್ತಿ ನೋಡಿದಳು. ಮಸಾಲೆ ಕಲಸಿದ ನೀರು ತಣ್ಣಗೆ ಕುಳಿತಿತ್ತು.

“ಇನ್ನೂ ಒಲೆಯೇ ಹಚ್ಚಿಲ್ಲವಾ?” ಬೆಲ್ಲಾ ಕೊಂಕಣಿಯಲ್ಲಿ ಗದರಿದಳು. “ಕುದಿ ಬಂದ್ರೆ ಹತ್ತು ನಿಮಿಷದ ಕೆಲಸ. ಹದಿನಾಲ್ಕು ಜನ ಹಸಿದು ಕೂತಿದ್ದಾರೆ!”

ಅವಳ ಕೈ ಗ್ಯಾಸಿನ ತಿರುಪಿಗೆ ಹೋಯಿತು. ಟ್ರೀಸಾ ಎಡಗೈಯಿಂದ ಆ ಕೈಯನ್ನು ಹಿಡಿದುಕೊಂಡು, ಮಹಡಿಯ ಕಡೆ ಕಿವಿಗೊಟ್ಟಳು.

“ಸ್ವಲ್ಪ ತಡೀರಿ ಬೆಲ್ಲಾ ಬಾಯಿ. ಮೇಲೆ ಒಬ್ರು ಅವರ ಅಪ್ಪನ ಹತ್ರ ಮಾತಾಡ್ತಾ ಇದ್ದಾರೆ. ಮುಗೀಲಿ.”