ಮುದಿ ರಾಜ

"ಮೂರನೇ ಅಧ್ಯಾಯ ಪೂರ್ತಿ ಕದ್ದಿದ್ದು," ಎಂದು ಹೊರಗಿನಿಂದ ಬಂದಿದ್ದ ಪರೀಕ್ಷಕರು ಮೇಜು ಗುದ್ದಿದರು. "ನಿಮ್ಮ ಗೈಡ್ ಬರೆದ ಪುಸ್ತಕದಲ್ಲಿ ಇದೇ ಸಾಲುಗಳಿವೆ. ನಾಚಿಕೆ ಆಗಲ್ವೇನಮ್ಮಾ?"

ಅದು ಭಾಗೀರಥಿಯ ಪಿಎಚ್‌ಡಿ ಮೌಖಿಕ ಪರೀಕ್ಷೆ. ಮಗನ ಯೌವನವನ್ನು ಕಿತ್ತುಕೊಳ್ಳುವ ಪುರಾಣದ ಮುದಿ ರಾಜ ಆಧುನಿಕ ಕಾದಂಬರಿಗಳಲ್ಲಿ ಹೇಗೆ ಮರಳಿ ಬರುತ್ತಾನೆ ಎನ್ನುವುದು ಅವಳ ವಿಷಯ.

ಪಕ್ಕದಲ್ಲಿದ್ದ ಗೈಡ್ ನಿಟ್ಟುಸಿರು ಬಿಟ್ಟರು. "ಆರು ವರ್ಷ ಮಗಳ ಥರ ನೋಡ್ಕೊಂಡೆ ಸಾರ್. ಹಿಂಗೆ ಮಾಡ್ತಾಳೆ ಅಂದ್ಕೊಂಡಿರಲಿಲ್ಲ."

"ಸಾಲದ್ದಕ್ಕೆ ಆ ರಾಜ ಇವತ್ತಿಗೂ ನಮ್ಮ ನಡುವೆ ಇದಾನೆ ಅಂತ ಬೇರೆ ಬರೆದಿದೀರ. ಎಲ್ಲಿದಾನೆ? ತೋರಿಸಿ ನೋಡೋಣ!" ಎಂದರು ಪರೀಕ್ಷಕರು.

ಭಾಗೀರಥಿ ಮೂರನೇ ಅಧ್ಯಾಯದ ತನ್ನ ಕೈಬರಹದ ಕರಡನ್ನು ಚೀಲದಿಂದ ತೆಗೆದು ಅವರ ಮುಂದಿಟ್ಟಳು. ಶಿಷ್ಯರ ಕರಡು ತಿದ್ದಿದಾಗಲೆಲ್ಲ ಹಾಳೆ ಹಾಳೆಗೂ ಹಸಿರು ಶಾಯಿಯಲ್ಲಿ ಸಹಿ ಮಾಡಿ ತಾರೀಖು ಹಾಕುವುದು ಗೈಡ್ ಪಾಲಿಸಿಕೊಂಡು ಬಂದ ಶಿಸ್ತು.

ಪರೀಕ್ಷಕರು ಆ ತಾರೀಖು ನೋಡಿದರು. ಆಮೇಲೆ ಪುಸ್ತಕ ಅಚ್ಚಾದ ವರ್ಷ ನೋಡಿದರು. ಕರಡು ಪುಸ್ತಕಕ್ಕಿಂತ ಎರಡು ವರ್ಷ ಹಳೆಯದು.

ಅವರು ಕನ್ನಡಕ ತೆಗೆದಿಟ್ಟು ಗೈಡ್ ಕಡೆ ತಿರುಗಿದರು.

"ತಮಗೆ ಈಗ ವಯಸ್ಸೆಷ್ಟು, ಮಹಾರಾಜರೇ?"